ಚಕ್ರದಡಿಯ ಕಲ್ಲು

ನಮ್ಮ ಮಗಳ ಕಾರು ಬಾಯಿಬಡಕಿ. ಬಾಗಿಲು ಸರಿಯಾಗಿ ಹಾಕದಿದ್ದರೆ ಕೂಗುತ್ತದೆ, ಬೆಲ್ಟ್ ಕಟ್ಟದಿದ್ದರೆ ಕೂಗುತ್ತದೆ, ಹಿಂದೆ ಗೋಡೆ ಬಂತು ಎಂದು ಕೂಗುತ್ತದೆ, ಗೋಡೆ ಬರದಿದ್ದರೂ ಬಂದೀತೇನೋ ಎಂಬ ಅನುಮಾನಕ್ಕೆ ಒಂದು ಸಲ ಕೂಗಿಬಿಡುತ್ತದೆ. ಒಮ್ಮೆ ಮಾರುಕಟ್ಟೆಯಿಂದ ಬರುವಾಗ ಒಂದು ದಪ್ಪ ಕುಂಬಳಕಾಯಿಯನ್ನು ಮುಂದಿನ ಸೀಟಿನ ಮೇಲಿಟ್ಟು ನಾನು ಹಿಂದೆ ಕೂತೆ. ಕುಂಬಳಕಾಯಿಗೆ ಬೆಲ್ಟ್ ಕಟ್ಟು ಎಂದು ಅದು ದಾರಿಯುದ್ದಕ್ಕೂ ಪ್ರಾಣ ತಿಂದಿತು. ಮಗಳು ಕೊನೆಗೆ ಗಾಡಿ ನಿಲ್ಲಿಸಿ ಕಟ್ಟಿದಳು. ನನಗೆ ಯಾವತ್ತೂ ಸಿಗದ ಮರ್ಯಾದೆ ಅವತ್ತು ಕುಂಬಳಕಾಯಿಗೆ ಸಿಕ್ಕಿತು.

ನಮ್ಮ ಕಾರು ಮೂಗಿ. ಹೆಸರಿಟ್ಟವಳು ನಾನೇ. ಒಬ್ಬ ಟೈಲರ್ ಬಟ್ಟೆಯ ಗಂಟುಗಳನ್ನು ಸಾಗಿಸಲು ಇಟ್ಟುಕೊಂಡಿದ್ದ ಹಳೇ ಗಾಡಿ ಅದು. ಗಾಜು ಇಳಿಸಬೇಕಾದರೆ ಹಿಡಿ ತಿರುಗಿಸಬೇಕು. ಬೀಗ ಹಾಕಬೇಕಾದರೆ ಕೀಲಿಕೈಯನ್ನು ತೂತಿಗೆ ತೂರಿಸಬೇಕು. ಏಸಿ ಇಲ್ಲ, ಹಾಡಿಲ್ಲ, ಪರದೆಯಿಲ್ಲ. ಸ್ಟೀರಿಂಗ್ ತಿರುಗಿಸಲು ತೋಳಿನಲ್ಲಿ ಕಸುವು ಬೇಕು. ಬಾನೆಟ್ ಎತ್ತಿದರೆ ಎಂಜಿನ್ನಿನ ಸಂದಿಯಲ್ಲಿ ನೆಲ ಕಾಣುತ್ತದೆ. ಯಾವುದು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ನನ್ನಂಥವಳೂ ಬೆರಳಿಟ್ಟು ತೋರಿಸಬಹುದು.

ಮೊದಲ ದಿನ ಪಕ್ಕದಲ್ಲಿ ಕೂತು ಗಾಜಿನ ಹಿಡಿ ತಿರುಗಿಸಿದೆ. ಗಾಜು ಗೊರಗೊರ ಎನ್ನುತ್ತ ಇಳಿಯಿತು, ಗಾಳಿ ಮುಖಕ್ಕೆ ಬಡಿಯಿತು. ನನ್ನ ಕೈಯಿಂದಲೇ ಒಂದು ಕೆಲಸ ಆಯಿತು ಎಂಬ ಸಂತೋಷ ಎಷ್ಟು ವರ್ಷಗಳ ಮೇಲೆ ಸಿಕ್ಕಿತೋ ಏನೋ, ಮತ್ತೆ ಏರಿಸಿ ಮತ್ತೆ ಇಳಿಸಿದೆ. "ನಿನ್ನ ಕಾರು ನಿನ್ನನ್ನ ಓಡ್ಸುತ್ತೆ, ನಮ್ಮದನ್ನ ನಾವು ಓಡಿಸ್ತೀವಿ" ಎಂದು ಮಗಳನ್ನು ಹಂಗಿಸಿದೆ. ಅವಳೊಬ್ಬಳನ್ನೇ ಅಲ್ಲ, ಮನೆಗೆ ಬಂದವರನ್ನೆಲ್ಲ ಕೂರಿಸಿಕೊಂಡು ಇದನ್ನೇ ಹೇಳಿದೆ. ನನ್ನ ನಾಲಿಗೆ ಸ್ವಲ್ಪ ಉದ್ದವೇ.

ನಮ್ಮ ಯಜಮಾನರು ಲಿಫ್ಟ್ ಮೆಕ್ಯಾನಿಕ್ ಆಗಿದ್ದವರು. ಎತ್ತರದ ಕಟ್ಟಡಗಳ ಹೊಟ್ಟೆಯೊಳಗೆ ಆಯುಸ್ಸು ಕಳೆದವರು. ಅವರ ಜೊತೆಗೆ ಕೆಲಸಕ್ಕೆ ಸೇರಿ ಜೊತೆಗೇ ಕೂದಲು ಹಣ್ಣಾದ ಗೆಳೆಯನೊಬ್ಬನಿದ್ದ. ನಗಿಸುವ ಮನುಷ್ಯ. ನಮ್ಮ ಮನೆಗೆ ಬಂದರೆ ಕುರ್ಚಿ ಮುಟ್ಟದೆ ಸೀದಾ ಅಡುಗೆಮನೆಗೇ ಬಂದು ಡಬ್ಬಗಳ ಮುಚ್ಚಳ ತೆಗೆಯುತ್ತಿದ್ದ. ಒಂದು ಮಧ್ಯಾಹ್ನ ಇಬ್ಬರೂ ಹೊಸ ಕಟ್ಟಡವೊಂದರಲ್ಲಿ ಲಿಫ್ಟ್ ಪರೀಕ್ಷೆ ಮಾಡುತ್ತಿದ್ದರು. ಲಿಫ್ಟ್ ಬಂದು ನಿಂತಿದೆ ಎಂದು ಹಸಿರು ದೀಪ ಹತ್ತಿತು, ಬಾಗಿಲು ತೆರೆಯಿತು. ಗೆಳೆಯ ಇವರ ಕಡೆ ತಿರುಗಿ ಏನೋ ತಮಾಷೆ ಹೇಳುತ್ತಲೇ ಕಾಲು ಒಳಗಿಟ್ಟ. ಒಳಗೆ ಲಿಫ್ಟ್ ಇರಲಿಲ್ಲ.

ಇವರು ಅತ್ತದ್ದನ್ನು ನಾನು ನೋಡಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಸಾವಿನ ಮನೆಯಿಂದ ಬಂದು ಕೈಕಾಲು ತೊಳೆದು ಕೂತು, "ಅವನಿಗೆ ಕಣ್ಣು ಚೆನ್ನಾಗೇ ಇತ್ತು ಕಣೇ. ದೀಪ ನೋಡ್ಕೊಳ್ಳುತ್ತೆ ಅಂತ ಅವನು ನೋಡ್ಲಿಲ್ಲ" ಎಂದರು. ಆಮೇಲೆ ಕೆಲಸಕ್ಕೆ ಹೋಗಲಿಲ್ಲ. ಮೂಗಿಯನ್ನು ಕೊಂಡು ತಂದದ್ದು ಆಗಲೇ.

ನನಗೆ ಅದು ಅರ್ಥವಾಯಿತು. ದೀಪ, ಗಂಟೆ, ಗುಂಡಿ ಯಾವುದನ್ನೂ ನಂಬಲಾರದವನಿಗೆ ನಂಬುವುದಕ್ಕೆ ಏನೂ ಇಲ್ಲದ ಗಾಡಿಯೇ ಸರಿ ಎನ್ನಿಸಿತು. ನಿಜವಾಗಿ ಅದು ಅವರಿಗೆ ಔಷಧಿಯಾಗಿತ್ತು. ಮನೆಯಲ್ಲಿ ಮಂಕು ಬಡಿದವರಂತೆ ಕೂತಿರುತ್ತಿದ್ದವರು ಸ್ಟೀರಿಂಗ್ ಹಿಡಿದ ಕೂಡಲೇ ಎಚ್ಚರಾಗುತ್ತಿದ್ದರು. ಟೈರಿನ ಸದ್ದಿನಲ್ಲೇ ರಸ್ತೆ ಒದ್ದೆಯೋ ಒಣಗಿದ್ದೋ ಹೇಳುತ್ತಿದ್ದರು. ಮುಖಕ್ಕೆ ಮೊದಲಿನ ಕಳೆ ಬಂತು. ನಾನು ಪಕ್ಕದಲ್ಲಿ ಕೂತು ಗಾಜಿನ ಹಿಡಿ ತಿರುಗಿಸುತ್ತ, ಹೋದ ಗಂಡ ವಾಪಸು ಬಂದ ಎಂದುಕೊಂಡೆ.

ನಮ್ಮ ಮನೆ ಇರುವುದು ಕಡಿದಾದ ಇಳಿಜಾರಿನ ಬೀದಿಯ ಮೇಲ್ತುದಿಯಲ್ಲಿ. ಕೆಳತುದಿಯಲ್ಲಿ ದೊಡ್ಡ ರಸ್ತೆ, ಅಲ್ಲಿ ಹಗಲೆಲ್ಲ ಲಾರಿಗಳ ಸಾಲು. ಇವರು ಮೂಗಿಯನ್ನು ಯಾವಾಗಲೂ ಮೂತಿ ಕೆಳಗೆ ಮಾಡಿಯೇ ನಿಲ್ಲಿಸುತ್ತಿದ್ದರು. ಬ್ಯಾಟರಿ ಕೈಕೊಟ್ಟರೂ ಉರುಳಿಸಿ ಸ್ಟಾರ್ಟ್ ಮಾಡಬಹುದು, ಬಾಯಿಬಡಕಿಯ ಕೈಯಲ್ಲಿ ಇದು ಆಗುವುದಿಲ್ಲ ಎಂದು ಅವರಿಗೆ ಹೆಮ್ಮೆ. ಒಂದು ದಿನ ಕೈಬ್ರೇಕಿನ ತಂತಿ ಕಿತ್ತುಹೋಯಿತು. ಹೊಸದು ಹಾಕಿಸುತ್ತಾರೆ ಎಂದುಕೊಂಡರೆ ಹಿಡಿಯನ್ನೇ ಬುಡಸಮೇತ ಬಿಚ್ಚಿ ತೆಗೆದರು. ಕಾಂಪೌಂಡಿನ ಮೂಲೆಯಲ್ಲಿ ದಿಂಬಿನಷ್ಟು ದೊಡ್ಡ ಕಲ್ಲೊಂದು ಬಿದ್ದಿತ್ತು. ಅದನ್ನು ತಂದು ಮುಂದಿನ ಚಕ್ರಕ್ಕೆ ಕೊಟ್ಟರು.

"ಕಲ್ಲು ಸಾಕು," ಎಂದರು. "ಕಲ್ಲು ಕಣ್ಣಿಗೆ ಕಾಣುತ್ತೆ. ತಂತಿ ಒಳಗೆಲ್ಲೋ ಸವೀತಿರುತ್ತೆ, ಯಾರಿಗೆ ಗೊತ್ತಾಗುತ್ತೆ?"

ಅಂದಿನಿಂದ ಕಲ್ಲು ನನ್ನ ಪಾಲಿನ ಕೆಲಸವಾಯಿತು. ಅವರು ಸೀಟಿನಲ್ಲಿ ಕೂತು ಕಾಲಿನ ಬ್ರೇಕ್ ಒತ್ತಿ ಹಿಡಿದು "ಕಲ್ಲು ತೆಗಿ" ಎನ್ನುವುದು, ನಾನು ಎತ್ತಿ ಪಕ್ಕಕ್ಕಿಟ್ಟು ಸೆರಗು ಸಿಕ್ಕಿಸಿಕೊಂಡು ಓಡಿಹೋಗಿ ಹತ್ತುವುದು. ಎದುರುಮನೆಯಾಕೆ ನೋಡಿ ನಗುತ್ತಿದ್ದಳು. ನನಗೂ ನಗುವೇ ಬರುತ್ತಿತ್ತು. ಇಬ್ಬರು ಸೇರಿ ಮಾಡುವ ಕೆಲಸ ನಮ್ಮ ಮನೆಯಲ್ಲಿ ಬೇರೆ ಯಾವುದೂ ಉಳಿದಿರಲಿಲ್ಲ.

ಆಮೇಲೆ ಬೆಲ್ಟ್ ಹೋಯಿತು. ಕಟ್ಟಿಕೊಂಡವನಿಗೆ ಧೈರ್ಯ ಜಾಸ್ತಿಯಾಗುತ್ತದಂತೆ. ಪೆಟ್ರೋಲಿನ ಮುಳ್ಳು ಹೋಯಿತು. ಕಡ್ಡಿ ಅದ್ದಿ ನೋಡಿದರಾಯಿತಂತೆ. ಹಾರ್ನ್ ಹೋಯಿತು, ಕೂಗಿದರೆ ಎದುರಿನವನು ಸರಿಯುತ್ತಾನೆ ಎಂದು ನಂಬುವುದು ತಪ್ಪಂತೆ. ಒಂದು ದಿನ ಕನ್ನಡಿ ಇರಲಿಲ್ಲ. "ತಿರುಗಿ ನೋಡೋಕೆ ಕುತ್ತಿಗೆ ಇಲ್ವಾ" ಎಂದರು. ಇನ್ನೊಂದು ದಿನ ನನ್ನ ಕಡೆಯ ಗಾಜಿನ ಹಿಡಿಯೇ ಇರಲಿಲ್ಲ. ಗಾಜು ಏರಿಸಿಕೊಂಡರೆ ಹೊರಗಿನ ಸದ್ದು ಕೇಳುವುದಿಲ್ಲ ಎಂದು ಇಳಿಸಿದ ಮೇಲೆ ಕಿತ್ತುಬಿಟ್ಟಿದ್ದರು. ಅವತ್ತು ನನಗೆ ಅಳು ಬಂತು. ಒಂದು ತುಂಡು ಪ್ಲಾಸ್ಟಿಕ್ಕಿಗೆ ಅಳುವುದೇ ಎಂದು ನನ್ನನ್ನು ನಾನೇ ಬೈದುಕೊಂಡೆ.

ತೆಗೆದದ್ದನ್ನೆಲ್ಲ ಅವರು ಎಸೆಯುತ್ತಿರಲಿಲ್ಲ. ಹಿತ್ತಲಿನ ಶೆಡ್ಡಿನಲ್ಲಿ ಉದ್ದನೆಯ ಮರದ ಶೆಲ್ಫ್ ಇತ್ತು. ಒಂದೊಂದನ್ನೂ ಸೀಮೆಎಣ್ಣೆಯಲ್ಲಿ ಒರೆಸಿ, ಬಟ್ಟೆ ಹಾಸಿ, ಅದರ ಸ್ಕ್ರೂಗಳನ್ನು ಪಕ್ಕದಲ್ಲೇ ಜೋಡಿಸಿಡುತ್ತಿದ್ದರು. ಬೆಲ್ಟನ್ನು ಅಂದವಾಗಿ ಸುತ್ತಿಟ್ಟಿದ್ದರು. ಬೆಳಿಗ್ಗೆ ಎದ್ದ ಕೂಡಲೇ ಶೆಡ್ಡಿಗೆ ಹೋಗಿ ಶೆಲ್ಫಿನ ಮೇಲೆ ಹೊಸದೇನು ಬಂದಿದೆ ಎಂದು ನೋಡುವುದು ನನಗೆ ಅಭ್ಯಾಸವಾಯಿತು.

ಒಮ್ಮೆ ಅಲ್ಲಿ ಬಾಗಿಲಿನ ಒಳಹಿಡಿ ಕಂಡಿತು. ನನ್ನ ಬಾಗಿಲಿನದು.

"ರೀ, ನಾನು ಇಳಿಯೋದು ಹೇಗೆ?"

"ನಾನು ಹೊರಗಿಂದ ತೆಗೀತೀನಲ್ಲ," ಎಂದರು. "ಬೇಕಾದಾಗ ಇಳೀಬಹುದು ಅನ್ನೋ ಧೈರ್ಯ ಇದ್ರೆ ನೀನೂ ರಸ್ತೆ ನೋಡಲ್ಲ. ಇಬ್ರೂ ನೋಡ್ಬೇಕು."

ಹೇಳಿದ್ದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡುವ ಗಂಡಸರನ್ನು ನಾನು ನಿಭಾಯಿಸಬಲ್ಲೆ, ನಮ್ಮಪ್ಪನನ್ನೇ ನಿಭಾಯಿಸಿದವಳು. ಇವರು ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಹಾಗೆ ನಿಧಾನವಾಗಿ, ಪ್ರೀತಿಯಿಂದ ಹೇಳುತ್ತಿದ್ದರು. ಕೇಳುತ್ತ ಕೂತರೆ ಹೌದಲ್ಲ ಎನ್ನಿಸಿಬಿಡುತ್ತಿತ್ತು. ಅದೇ ನನ್ನನ್ನು ಹೆದರಿಸಿತು.

ಆಮೇಲೆ ಅದು ಕಾರಿನಿಂದ ಮನೆಯೊಳಗೆ ಬಂತು. ಬಾಗಿಲಿನ ಕರೆಗಂಟೆ ಶೆಲ್ಫ್ ಸೇರಿತು. ಒಂದು ಮಧ್ಯಾಹ್ನ ಇವರು ಮಹಡಿ ಮೆಟ್ಟಿಲ ಕೆಳಗೆ ನಿಂತು ಅದರ ಕಬ್ಬಿಣದ ಕಂಬಿಯನ್ನೇ ನೋಡುತ್ತಿದ್ದರು. ತಲೆ ಒಂದು ಪಕ್ಕಕ್ಕೆ ವಾಲಿಸಿ, ಕಣ್ಣು ಕಿರಿದು ಮಾಡಿ, ಬಹಳ ಹೊತ್ತು. ಸಂಜೆಗೆ ಕಂಬಿ ಇರಲಿಲ್ಲ. ನಾನು ಗೋಡೆ ಸವರಿಕೊಂಡು ಜೀವ ಕೈಯಲ್ಲಿ ಹಿಡಿದು ಇಳಿಯತೊಡಗಿದೆ.

"ನೋಡಿದ್ಯಾ, ಈಗ ಕಾಲು ನೋಡ್ಕೊಂಡು ಇಳೀತಿದೀಯ," ಎಂದು ಕೆಳಗೆ ನಿಂತು ಸಂತೋಷಪಟ್ಟರು. "ಕಂಬಿ ಇದ್ದಾಗ ಎಂದಾದ್ರೂ ನೋಡಿದ್ಯಾ?"

ನೋಡಿರಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳು ಹುಡುಕುವುದು ಕಷ್ಟವಿತ್ತು.

ಆ ವಾರ ಮಗಳು ಫೋನ್ ಮಾಡಿದಳು. ರಜೆಯಲ್ಲಿ ಮೊಮ್ಮಗಳನ್ನು ನಮ್ಮಲ್ಲಿ ಬಿಡುತ್ತಾಳಂತೆ. ಮೊಮ್ಮಗಳನ್ನು ನಾವು ಕರೆಯುವುದು ಗಿಲಕಿ ಎಂದು, ಬಾಯಿ ಸುಮ್ಮನಿರುವುದಿಲ್ಲ, ನನ್ನದೇ ತಳಿ. ದೊಡ್ಡ ರಸ್ತೆಯ ಆಚೆ ಮಕ್ಕಳಿಗೆ ಈಜು ಕಲಿಸುವ ಕೊಳವಿದೆ. ದಿನಾ ಬೆಳಿಗ್ಗೆ ಅಲ್ಲಿಗೆ ತಾತನೇ ಕರೆದುಕೊಂಡು ಹೋಗಲಿ ಎಂದಳು.

"ಬೇಡ ಕಣೇ. ಆಟೋದಲ್ಲಿ ಹೋಗ್ತೀವಿ. ಇಲ್ಲಾಂದ್ರೆ ಈಜೇ ಬೇಡ," ಎಂದೆ.

"ಯಾಕಮ್ಮ? ಅಪ್ಪನ ಹಾಗೆ ಹುಷಾರಾಗಿ ಓಡ್ಸೋರು ಈ ಊರಲ್ಲೇ ಇಲ್ಲ ಅಂತ ನೀನೇ ಅಲ್ವಾ ಹೇಳ್ತಿದ್ದಿದ್ದು?"

"ಅವರು ಕಾರಿನ ಸಾಮಾನೆಲ್ಲ ಬಿಚ್ಚಿ ಇಡ್ತಿದಾರೆ. ಕನ್ನಡಿ ಇಲ್ಲ, ಬೆಲ್ಟ್ ಇಲ್ಲ."

ಮಗಳು ನಕ್ಕಳು. "ಬೆಲ್ಟ್ ಕುಂಬಳಕಾಯಿಗೆ ಅಂತ ನೀನೇ ಅಂದಿದ್ದೆ. ಈಗ ನಿನಗೂ ಬಾಯಿಬಡಕಿ ಬೇಕಾಯ್ತಾ?"

ನಾನು ಆಡಿದ ಮಾತೆಲ್ಲ ತಿರುಗಿ ನನ್ನ ಕೊರಳಿಗೇ ಬಂತು. ತಮಾಷೆಯವಳು ಎಂದು ಹೆಸರು ತೆಗೆದುಕೊಂಡವಳು ಅಳುತ್ತ ಹೇಳಿದರೂ ಅದು ತಮಾಷೆಯೇ. ಅಪ್ಪನ ತಲೆ ಸರಿಯಿಲ್ಲ ಎಂದು ಮಗಳಿಗೆ ಬಾಯಿಬಿಟ್ಟು ಹೇಳಬೇಕಿತ್ತು. ಹೇಳಲಿಲ್ಲ. ಅವರು ಪಕ್ಕದ ಕೋಣೆಯಲ್ಲೇ ಕೂತು ಕರವಸ್ತ್ರದಿಂದ ಸ್ಪ್ಯಾನರ್ ಒರೆಸುತ್ತಿದ್ದರು.

ಗಿಲಕಿಯನ್ನು ಒಂದು ಸಂಜೆ ಮಗಳು ತಂದು ಬಿಟ್ಟು, ಗಾಡಿಯಿಂದ ಪೂರ್ತಿ ಇಳಿಯದೆಯೇ ವಾಪಸು ಹೋದಳು. ಮಗು ಓಡಿಬಂದದ್ದೇ ಕೇಳಿದ ಮೊದಲ ಪ್ರಶ್ನೆ, "ಅಜ್ಜಿ, ಇವತ್ತು ತಾತ ಏನು ತೆಗೆದ್ರು?" ಹಿಂದಿನ ಸಲ ಬಂದಾಗ ಶೆಲ್ಫ್ ನೋಡಿ ಅವಳಿಗೆ ಅದೊಂದು ಆಟವಾಗಿಬಿಟ್ಟಿತ್ತು. ತಾತ ಅವಳನ್ನು ಎತ್ತಿಕೊಂಡು ಶೆಡ್ಡಿಗೆ ಹೋಗಿ ಒಂದೊಂದನ್ನೂ ತೋರಿಸಿ, ಅದಿಲ್ಲದೆ ಹೇಗೆ ಇರಬಹುದೆಂದು ಹೇಳಿದರು. ಮಗು ಕಣ್ಣರಳಿಸಿ ಕೇಳಿತು.

ಊಟಕ್ಕೆ ಕೂತಾಗ ಇವರು ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದರು. ಆಮೇಲೆ ತಲೆಯೆತ್ತಿ, ಬಹಳ ದಿನ ಹುಡುಕುತ್ತಿದ್ದದ್ದು ಸಿಕ್ಕವರಂತೆ, "ಎಲ್ರೂ ಯಾಕೆ ಅಷ್ಟು ಜೋರಾಗಿ ಓಡಿಸ್ತಾರೆ ಹೇಳು?" ಎಂದರು.

ನಾನು ಗಿಲಕಿಯ ತಟ್ಟೆಗೆ ಅನ್ನ ಹಾಕಿದೆ.

"ಬ್ರೇಕ್ ಇದೆ ಅನ್ನೋ ಧೈರ್ಯ," ಎಂದರು. "ಅದೇ ಎಲ್ಲದಕ್ಕೂ ಮೂಲ."

ಇವರು ಮಜ್ಜಿಗೆ ಕೇಳಿದರು, ಬಡಿಸಿದೆ. ಅವರು ಮಲಗಿದ ಕೂಡಲೇ ಟಾರ್ಚ್ ಹಿಡಿದು ಶೆಡ್ಡಿಗೆ ಓಡಿದೆ. ಶೆಲ್ಫಿನ ಮೇಲೆ ಬ್ರೇಕಿಗೆ ಸಂಬಂಧಪಟ್ಟದ್ದು ಏನೂ ಇರಲಿಲ್ಲ. ಹೋದ ಜೀವ ಬಂದಂತಾಯಿತು. ಆದರೂ ಮನಸ್ಸು ತಡೆಯಲಿಲ್ಲ. ಅವರದೇ ಸ್ಪ್ಯಾನರ್ ತೆಗೆದುಕೊಂಡು ಬೀದಿಗೆ ಬಂದು ಮೂಗಿಯ ಬಾನೆಟ್ ಎತ್ತಿ, ಅವರು ಮಾಡುವುದನ್ನು ನೋಡಿ ಕಲಿತಿದ್ದ ಹಾಗೆ, ಬ್ಯಾಟರಿಯ ತಂತಿಗಳನ್ನು ಸಡಿಲಿಸಿದೆ. ಬ್ಯಾಟರಿ ಹೆಣದ ಹಾಗೆ ಭಾರವಿತ್ತು. ಹೊಟ್ಟೆಗೆ ಒತ್ತಿಕೊಂಡು ತಂದು ಒಗೆಯುವ ಬಟ್ಟೆಯ ಬುಟ್ಟಿಯಲ್ಲಿ ಹಾಕಿ ಮೇಲೆ ಬೆಡ್‌ಶೀಟ್ ಮುಚ್ಚಿದೆ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದಿದ್ದರೆ ಆಟೋ ಕರೆಯಬಹುದು, ಅಷ್ಟರಲ್ಲಿ ಮಗಳಿಗೆ ಇದ್ದದ್ದು ಇದ್ದ ಹಾಗೆ ಹೇಳಬಹುದು. ಅಷ್ಟೇ ನನ್ನ ಯೋಜನೆ.

ಬೆಳಿಗ್ಗೆ ನಾನೇಳುವ ಹೊತ್ತಿಗೆ ಅವರು ಎದ್ದಾಗಿತ್ತು. ಅಂಗಿಯ ತೋಳು ಮಡಿಸಿದ್ದರು, ಉಗುರಿನ ಸಂದಿಯಲ್ಲಿ ಎಣ್ಣೆಯ ಕಪ್ಪಿತ್ತು. ಗಿಲಕಿ ಈಜುಡುಗೆ ಹಾಕಿಕೊಂಡು ಕುತ್ತಿಗೆಗೆ ಟವೆಲ್ ಸುತ್ತಿಕೊಂಡು ಸಿದ್ಧಳಾಗಿದ್ದಳು. ನಾನು ಹಲ್ಲುಜ್ಜಿ ಬರುವುದರೊಳಗೆ ಇವರು ಅವಳನ್ನು ನನ್ನ ಜಾಗದಲ್ಲಿ ಕೂರಿಸಿ ಹೊರಗಿನಿಂದ ಬಾಗಿಲು ಹಾಕಿಯಾಗಿತ್ತು. ನಾನು ಚಪ್ಪಲಿಯನ್ನೂ ಹಾಕದೆ ಬೀದಿಗೆ ಬಂದೆ.

ಇವರು ಕೀಲಿ ತಿರುಗಿಸಿದರು. ಮೂಗಿ ತುಟಿಪಿಟಕ್ಕೆನ್ನಲಿಲ್ಲ. ಇನ್ನೊಮ್ಮೆ ತಿರುಗಿಸಿದರು. ಇಳಿದು ಬಾನೆಟ್ ಎತ್ತಿ ಖಾಲಿ ಜಾಗವನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಬೈಯುತ್ತಾರೆ, ಬೈಯಲಿ ಎಂದು ನಾನು ಕಾದೆ.

ಅವರ ಕಣ್ಣಲ್ಲಿ ನೀರು ತುಂಬಿತ್ತು.

"ಬ್ಯಾಟರಿ ತೆಗ್ದ್ಯಾ?" ಎಂದರು. "ನೀನೇ ತೆಗ್ದ್ಯಾ? ನನಗೆ ಹೊಳೆದೇ ಇರ್ಲಿಲ್ಲ ನೋಡು. ಇಳಿಜಾರು ಇರೋವಾಗ ಬ್ಯಾಟರಿ ಯಾಕೆ ಬೇಕು ಹೇಳು." ಬಾನೆಟ್ಟನ್ನು ಮೆತ್ತಗೆ ಮುಚ್ಚಿ ನನ್ನ ಕೆನ್ನೆ ಮುಟ್ಟಿದರು. ಗೆಳೆಯ ಸತ್ತಮೇಲೆ ಅವರು ನನ್ನನ್ನು ಹಾಗೆ ಮುಟ್ಟಿರಲಿಲ್ಲ. "ನಾನೊಬ್ನೇ ಅಂದ್ಕೊಂಡಿದ್ದೆ ಕಣೇ."

ಅವರು ಹೋಗಿ ಸೀಟಿನಲ್ಲಿ ಕೂತರು. ಬಾಗಿಲು ಇನ್ನೂ ತೆರೆದೇ ಇತ್ತು. "ಕಲ್ಲು ತೆಗಿ. ಉರುಳಿದ್ರೆ ತಾನೇ ಸ್ಟಾರ್ಟ್ ಆಗುತ್ತೆ," ಎಂದರು. ರಾತ್ರಿಯ ಗಾಬರಿಯಲ್ಲಿ ನಾನು ಇದನ್ನೇ ಮರೆತಿದ್ದೆ.

ಅಭ್ಯಾಸಬಲ ಎನ್ನುವುದು ಎಂಥ ಪೀಡೆ. ಆ ಮಾತು ಕಿವಿಗೆ ಬಿದ್ದದ್ದೇ ನಾನು ಬಾಗಿ ಕಲ್ಲಿಗೆ ಕೈಹಾಕಿದ್ದೆ. ಹಾಗೆ ಬಾಗಿದಾಗಲೇ ತೆರೆದ ಬಾಗಿಲಿನ ಒಳಗೆ ಅವರ ಕಾಲು ಕಂಡಿತು. ಎಡಗಾಲು ಕ್ಲಚ್ಚಿನ ಮೇಲಿತ್ತು. ಬಲಗಾಲು ಆಕ್ಸಿಲರೇಟರಿನ ಪಕ್ಕದಲ್ಲಿ ನೆಲದ ಮೇಲಿತ್ತು. ನಡುವೆ ಏನೂ ಇರಲಿಲ್ಲ. ಪೆಡಲ್ ಇದ್ದ ಕಡೆ ಕಬ್ಬಿಣದ ಮೋಟು, ಅದರಲ್ಲೊಂದು ತೂತು, ತೂತಿನ ಸುತ್ತ ಹೊಸದಾಗಿ ಒರೆಸಿದ ಹೊಳಪು.

"ರೀ, ಬ್ರೇಕ್ ಎಲ್ಲಿ?"

"ಶೆಲ್ಫ್ ಮೇಲಿದೆ," ಎಂದರು. "ಬೆಳಿಗ್ಗೆ ತೆಗ್ದೆ. ಹೆದರ್ಬೇಡ. ಗೇರಲ್ಲೇ ನಿಧಾನ ಮಾಡ್ಬಹುದು. ಕಣ್ಣು ಬಿಟ್ಕೊಂಡು ಓಡ್ಸಿದ್ರೆ ಬ್ರೇಕ್ ಬೇಕಾಗೋ ಪ್ರಸಂಗನೇ ಬರಲ್ಲ."

ಕೆಳತುದಿಯಲ್ಲಿ ಲಾರಿಯೊಂದು ಹಾದುಹೋಯಿತು, ಅದರ ಹಿಂದೆ ಇನ್ನೊಂದು. ನನ್ನ ಕೈ ಇನ್ನೂ ಕಲ್ಲಿನ ಮೇಲೇ ಇತ್ತು. ಬಿಟ್ಟು ಓಡಿಹೋಗಿ ಮಗುವನ್ನು ಇಳಿಸೋಣವೆಂದರೆ, ಅಷ್ಟರಲ್ಲಿ ಇವರು ಬಂದು ಒಂದು ಸಲ ಒದ್ದರೆ ಕಲ್ಲು ಜಾರುತ್ತದೆ. ಕೂಗಿ ಜನ ಸೇರಿಸೋಣವೆಂದರೆ ಬೀದಿಯಲ್ಲಿ ಆ ಹೊತ್ತಿಗೆ ನರಪಿಳ್ಳೆಯೂ ಇರಲಿಲ್ಲ, ಎದುರುಮನೆಗೆ ಬೀಗ. ನಾನು ಕಲ್ಲಿನ ಮೇಲೇ ಕೂತುಬಿಟ್ಟೆ. ಚಕ್ರಕ್ಕೆ ಬೆನ್ನು ಕೊಟ್ಟು, ಇಳಿಜಾರಿಗೆ ಮುಖ ಮಾಡಿ, ಕಾಲು ನೀಡಿ ಕೂತೆ. ಟೈರಿನ ತಣ್ಣನೆಯ ರಬ್ಬರು ಸೊಂಟಕ್ಕೆ ತಾಗಿತು.

"ಗಿಲಕಿ, ಒಂದಾಟ ಆಡೋಣ," ಎಂದೆ. "ಬಾಗಿಲು ಇಲ್ದೆ ಇಳಿಯೋದು ಹೇಗೆ ಅಂತ ತಾತಂಗೆ ತೋರಿಸು ನೋಡೋಣ. ಕಿಟಕಿಯಿಂದ."

ಮಗುವಿಗೆ ಹೇಳುವುದೇ ತಡ. ಎಂದೂ ಏರದ ಆ ಕಿಟಕಿಯಲ್ಲಿ ಮೊದಲು ಟವೆಲ್ ಬಂತು, ಆಮೇಲೆ ಕಾಲು, ಆಮೇಲೆ ನಗುತ್ತ ನಗುತ್ತ ಮಗು. ಗಾಡಿ ಅಲ್ಲಾಡಿತು. ಕಲ್ಲು ನನ್ನ ಕೆಳಗೆ ಕಿರ್ ಎಂದು ಒಂದು ಬೆರಳಿನಷ್ಟು ಜರುಗಿತು. ನಾನು ಹಿಮ್ಮಡಿ ಊರಿದೆ.

"ಕಾಂಪೌಂಡ್ ಮೇಲೆ ಹತ್ತಿ ಕೂತ್ಕೋ. ಅಜ್ಜಿ ಕರೆಯೋವರೆಗೂ ಇಳೀಬಾರ್ದು."

ಅವಳು ಹತ್ತಿ ಕೂತಳು. ನನ್ನ ಎದೆಯ ಮೇಲಿನ ದೊಡ್ಡ ಭಾರ ಇಳಿಯಿತು. ಈಗ ಎದ್ದು ಸರಿದರೆ ನನ್ನ ಜೀವವೂ ಉಳಿಯುತ್ತದೆ ಎನ್ನುವುದು ಗೊತ್ತಿತ್ತು. ಆದರೆ ನಾನು ಎದ್ದರೆ ಅವರು ಹೋಗುತ್ತಾರೆ. ಕಣ್ಣು ಬಿಟ್ಟುಕೊಂಡೇ ಹೋಗುತ್ತಾರೆ. ಅವರನ್ನು ಅಷ್ಟು ವರ್ಷ ಬೈದಿದ್ದೇನೆ, ಹಂಗಿಸಿದ್ದೇನೆ, ಅವರಿಲ್ಲದ ಮನೆಯನ್ನು ಮಾತ್ರ ಒಂದು ದಿನವೂ ನೆನೆಸಿದವಳಲ್ಲ.

"ಏಳು," ಎಂದರು. "ಕಲ್ಲು ತೆಗಿ."

"ಏಳಲ್ಲ ರೀ."

ಹಿಂದೆ ಅವರು ಇಳಿದದ್ದು, ಬಾಗಿಲನ್ನು ಮೆತ್ತಗೆ ಹಾಕಿದ್ದು ಕೇಳಿಸಿತು. ಚಪ್ಪಲಿಯ ಸದ್ದು ಬಂದು ನನ್ನ ಎದುರಿಗೆ ನಿಂತಿತು. ತಲೆಯೆತ್ತಿ ನೋಡಿದೆ. ಸಿಟ್ಟಿರಲಿಲ್ಲ. ತಲೆ ಒಂದು ಪಕ್ಕಕ್ಕೆ ವಾಲಿಸಿ, ಕಣ್ಣು ಕಿರಿದು ಮಾಡಿ, ಮೆಟ್ಟಿಲಿನ ಕಂಬಿಯನ್ನು ನೋಡಿದ ಹಾಗೆ ನನ್ನನ್ನು ಬಹಳ ಹೊತ್ತು ನೋಡಿದರು.

"ನೀನಿದೀಯ ಅನ್ನೋ ಧೈರ್ಯ," ಎಂದರು, ತಮಗೇ ಹೇಳಿಕೊಳ್ಳುವವರಂತೆ. "ಇಷ್ಟು ದಿನ ಅದರ ಮೇಲೇ ಓಡಿಸ್ತಿದ್ದೆ ಕಣೇ ನಾನು. ಗೊತ್ತೇ ಆಗ್ಲಿಲ್ಲ."

ಅವರು ಅಂಗಿಯ ತೋಳನ್ನು ಇನ್ನೊಂದು ಮಡಿಕೆ ಮೇಲಕ್ಕೆ ಮಡಿಸಿದರು. ಕಾಂಪೌಂಡಿನ ಮೇಲೆ ಕಾಲಾಡಿಸುತ್ತ ಕೂತಿದ್ದ ಗಿಲಕಿ ಬಗ್ಗಿ ನೋಡಿ ಕೇಳಿದಳು:

"ಅಜ್ಜಿ, ಈಗ ತಾತ ಏನು ತೆಗೀತಾರೆ?"